ಲಾಂಗ್ ಕೋವಿಡ್ ಸಂಶೋಧನೆಯಲ್ಲಿ ವಿದ್ಯುನ್ಮಾನ ಆರೋಗ್ಯ ದಾಖಲೆಗಳು: ಒಂದು ಆಕರ ವಿಮರ್ಶೆ

ಕೋವಿಡ್ ಸೋಂಕಿನಿಂದ ಪಾರಾದವರಲ್ಲಿ ಕೆಲವರಿಗೆ ಆಯಾಸ, ಏದುಸಿರು, ಮರೆವು ಮೊದಲಾದ ಬಾಧೆಗಳು ಬಹುಕಾಲ ಉಳಿಯುವುದುಂಟು. ಇದಕ್ಕೆ ಲಾಂಗ್ ಕೋವಿಡ್ ಎಂಬ ಹೆಸರು ರೂಢಿಯಲ್ಲಿದೆ. ಸೋಂಕು ತಗುಲಿದ ಸುಮಾರು 3 ತಿಂಗಳ ಮೇಲೆ ಕಂಡುಬಂದು, ಕನಿಷ್ಠ 2 ತಿಂಗಳು ಇರುವ, ಅನ್ಯ ಕಾರಣ ಹೇಳಲಾಗದ ಲಕ್ಷಣಗಳೇ ಇದರ ಗುರುತೆಂದು ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರಿನಲ್ಲಿ ನಿರೂಪಿಸಿತು. ಈ ರೋಗದ ಸಂಶೋಧನೆಗೆ ಆಸ್ಪತ್ರೆಗಳ ವಿದ್ಯುನ್ಮಾನ ದಾಖಲೆಗಳು ಮುಖ್ಯ ಆಕರಗಳಾಗಿವೆ. ವೈದ್ಯಶಾಸ್ತ್ರದ ವಿಚಾರವನ್ನು ವೈದ್ಯರಿಗೆ ಬಿಟ್ಟು, ಆಕರಗಳ ವಿಮರ್ಶೆಯನ್ನಷ್ಟೇ ನಾವು ಇಲ್ಲಿ ಕೈಕೊಳ್ಳುತ್ತೇವೆ.

ಈ ದಾಖಲೆಗಳಲ್ಲಿ ರೋಗಿಯ ವಯಸ್ಸು, ಭೇಟಿಯ ದಿನ, ರೋಗನಿರ್ಣಯ, ಪರೀಕ್ಷೆಯ ಫಲ, ಕೊಟ್ಟ ಔಷಧ ಇವು ಬಹುಮಟ್ಟಿಗೆ ಸಂಕೇತಗಳ ರೂಪದಲ್ಲಿರುತ್ತವೆ. ಸಂಶೋಧಕರು ಹೆಸರುಗಳನ್ನು ತೆಗೆದುಹಾಕಿ, ಸೋಂಕಿತರನ್ನೂ ಇತರರನ್ನೂ ಎರಡು ಗುಂಪು ಮಾಡಿ ಹೋಲಿಸುತ್ತಾರೆ. ಅಮೆರಿಕದಲ್ಲಿ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನವು 97,995 ವಯಸ್ಕ ಕೋವಿಡ್ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿತು. ಲಾಂಗ್ ಕೋವಿಡ್ ಚಿಕಿತ್ಸಾಲಯಗಳಿಗೆ ಬಂದಿದ್ದ 597 ಮಂದಿಯನ್ನು ಮಾದರಿಯಾಗಿಟ್ಟು, ಅಂಥ ಇತರರನ್ನು ಗುರುತಿಸಲು ಗಣಕಯಂತ್ರಕ್ಕೆ ಕಲಿಸಿತು. ಸೋಂಕಿಗೆ ಮುಂಚಿನ ಆರೋಗ್ಯಸ್ಥಿತಿಯೂ ಬರಹದಲ್ಲಿ ಸಿಕ್ಕುವುದರಿಂದ ರೋಗಿಯ ನೆನಪನ್ನೇ ನೆಚ್ಚಬೇಕಾಗಿಲ್ಲವೆಂಬುದು ಈ ಕ್ರಮದ ದೊಡ್ಡ ಗುಣ.

ಆದರೆ ಬರೆದುದು ಮಾತ್ರ ದಾಖಲೆಯಲ್ಲಿರುತ್ತದೆ. ಇಂಗ್ಲೆಂಡಿನಲ್ಲಿ ಸುಮಾರು 5.8 ಕೋಟಿ ಜನರ ದಾಖಲೆಗಳನ್ನು ಶೋಧಿಸಿದಾಗ, 2021ರ ಏಪ್ರಿಲಿನವರೆಗೆ ಲಾಂಗ್ ಕೋವಿಡ್ ಸಂಕೇತವು 23,273 ಮಂದಿಯ ಹೆಸರಿನಲ್ಲಿ ಮಾತ್ರ ದೊರೆಯಿತು. ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ವೈದ್ಯಾಲಯಗಳು ಅದನ್ನು ಒಮ್ಮೆಯೂ ಬಳಸಿರಲಿಲ್ಲ. ಅಲ್ಲಿ ರೋಗಿಗಳೇ ಇರಲಿಲ್ಲವೆಂದು ಇದರಿಂದ ಹೇಳಬರುವುದಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಇದು ಹೊಸ ಸಂಗತಿಯಲ್ಲ. ನಮ್ಮ ಪ್ರದೇಶವು ಮುಂಬಯಿ ಪ್ರಾಂತದಲ್ಲಿದ್ದಾಗ, 1918ರ ಇನ್‌ಫ್ಲುಯೆಂಜಾ ಸಾವುಗಳಲ್ಲಿ ಬಹಳಷ್ಟು ‘ಜ್ವರ’ವೆಂಬ ಶೀರ್ಷಿಕೆಯಡಿಯಲ್ಲೇ ನಮೂದಾದವು. ಬದುಕುಳಿದು ನರಳಿದವರಿಗಂತೂ ಜನನ ಮರಣದ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

ಎರಡನೆಯ ತೊಡಕು ಗುಂಪು ಮಾಡುವುದರಲ್ಲಿದೆ. 2020ರ ಜೂನ್‌ನಿಂದ ಆಗಸ್ಟ್‌ವರೆಗೆ ಕರ್ನಾಟಕದಲ್ಲಿ ನಡೆದ ಒಂದು ರಕ್ತಪರೀಕ್ಷಾ ಸಮೀಕ್ಷೆಯು ಸೋಂಕಿತರು ಸುಮಾರು 3.15 ಕೋಟಿಯೆಂದು ಅಂದಾಜು ಮಾಡಿತು. ಆಗಸ್ಟ್ ಕೊನೆಗೆ ಸರಕಾರಿ ಲೆಕ್ಕದಲ್ಲಿದ್ದವರು ಸುಮಾರು 3.27 ಲಕ್ಷ. ಅಂದಾಜಿನಲ್ಲಿ ಹೆಚ್ಚುಕಡಿಮೆಯಿದ್ದರೂ ಅಂತರವು ಅಗಾಧವಾದುದು. ಆದಕಾರಣ ‘ಸೋಂಕಿಲ್ಲದವರು’ ಎಂದು ಎಣಿಸಿದ ಗುಂಪಿನಲ್ಲಿ ಸೋಂಕಿತರೂ ಬೆರೆತಿರುತ್ತಾರೆ. ಎರಡು ಗುಂಪುಗಳ ವ್ಯತ್ಯಾಸವು ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ.

ಬಾಗಲಕೋಟೆ ಜಿಲ್ಲೆಗೆ ಇದನ್ನು ಅನ್ವಯಿಸಿ ನೋಡೋಣ. ಇಳಕಲ್ಲಿನ ನೇಕಾರನೊಬ್ಬನು ಸೋಂಕಿನ ತರುವಾಯ ಮಗ್ಗದ ಮುಂದೆ ಮೊದಲಿನಷ್ಟು ಹೊತ್ತು ಕೂಡಲಾರದೆ ಹೋದನೆಂದು ಭಾವಿಸೋಣ. ಅವನು ಊರಿನ ಖಾಸಗಿ ವೈದ್ಯರಲ್ಲಿ ಶಕ್ತಿಯ ಔಷಧ ಪಡೆದು, ಆಮೇಲೆ ಹುನಗುಂದಕ್ಕೋ ಬಾಗಲಕೋಟೆಗೋ ಹೋದರೆ, ಒಂದೆಡೆಯ ಚೀಟಿ ಇನ್ನೊಂದೆಡೆಯ ಗಣಕಯಂತ್ರವನ್ನು ಸೇರುವುದೆಂಬ ಭರವಸೆಯಿಲ್ಲ. 2021ರಲ್ಲಿ ರಾಷ್ಟ್ರವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯ 14 ಅಂಕಿಗಳ ಆರೋಗ್ಯ ಸಂಖ್ಯೆಯು ಇಂಥ ಚೂರುಗಳನ್ನು ರೋಗಿಯ ಒಪ್ಪಿಗೆಯಿಂದ ಜೋಡಿಸಲು ಹುಟ್ಟಿದುದು. ಆದರೂ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವನ ವಿಷಯದಲ್ಲಿ ಅದೂ ಮೂಕವೇ. ನಿಂತುಹೋದ ಕೂಲಿಯ ದಿನಗಳನ್ನು ಯಾವ ಸಂಕೇತವೂ ತಿಳಿಸದು.

ಬಾದಾಮಿಯ ಬಂಡೆಯ ಶಾಸನವು ಶಕ 465ರಲ್ಲಿ, ಎಂದರೆ ಕ್ರಿ.ಶ. 543ರಲ್ಲಿ, ಒಂದನೆಯ ಪುಲಕೇಶಿಯು ಗುಡ್ಡಕ್ಕೆ ಕೋಟೆ ಕಟ್ಟಿಸಿದುದನ್ನು ಹೇಳುತ್ತದೆ. ಕಲ್ಲು ಹೊತ್ತವರ ಮಾತು ಅದರಲ್ಲಿಲ್ಲ. ಅಷ್ಟರಿಂದ ಶಾಸನವು ನಿರುಪಯುಕ್ತವಾಗಲಿಲ್ಲ. ಅದರ ಮೌನವನ್ನು ನಾವು ಬೇರೆ ಆಕರಗಳಿಂದ ತುಂಬಿಕೊಳ್ಳುತ್ತೇವೆ. ಆರೋಗ್ಯ ದಾಖಲೆಗಳಿಗೂ ಇದೇ ನ್ಯಾಯ. ಮನೆಮನೆಯ ವಿಚಾರಣೆ, ಕೆಲಸ ತಪ್ಪಿದ ದಿನಗಳ ಲೆಕ್ಕ, ರೋಗಿಯ ಸ್ವಂತ ಹೇಳಿಕೆ ಇವನ್ನು ದಾಖಲೆಗಳೊಡನೆ ಇಟ್ಟು ನೋಡಬೇಕು. ಹಾಗೆ ಮಾಡದೆ ದಾಖಲೆಯಲ್ಲಿ ಕಾಣದವನಿಗೆ ರೋಗವಿಲ್ಲವೆಂದು ತೀರ್ಮಾನಿಸಿದರೆ, ಅವನಿಗೆ ಸಲ್ಲಬೇಕಾದ ಚಿಕಿತ್ಸೆಯೂ ನೆರವೂ ತಪ್ಪಿಹೋಗುತ್ತವೆ.