ಒಲೆಯ ಹೊಗೆಯೂ ಸಣ್ಣ ಶ್ವಾಸನಾಳಗಳೂ

ಮಳೆಗಾಲದ ಕೆಮ್ಮನ್ನು ಥಂಡಿಯ ಲೆಕ್ಕಕ್ಕೆ ಹಾಕುವುದು ಮಲೆನಾಡಿನ ವಾಡಿಕೆ. ಕೊಡಗಿನ ಪಾಲಿಬೆಟ್ಟದ ಸುತ್ತಣ ಕಾಫಿ ತೋಟಗಳಲ್ಲಿ ಸೌದೆ ಒಲೆಯನ್ನೇ ನಂಬಿದ ಕಾರ್ಮಿಕರ ಲೈನ್ ಮನೆಗಳ ಮಟ್ಟಿಗಾದರೂ ಈ ಲೆಕ್ಕ ತಪ್ಪಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಫಿ ಗಿಡದ ಬೊಡ್ಡೆಯಾಗಲಿ, ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಕೊಂಬೆಯಾಗಲಿ ಪೂರ್ತಿ ಒಣಗದೆ ಉರಿಗಿಂತ ಹೊಗೆಯನ್ನೇ ಹೆಚ್ಚು ಕೊಡುತ್ತದೆ. ಊದುಕೊಳವೆ ಹಿಡಿದು ಬಗ್ಗಿದ ಹೆಂಗಸು ಪ್ರತಿ ಸಲ ಊದುವ ಮುನ್ನ ಎದೆ ತುಂಬ ಎಳೆದುಕೊಳ್ಳುವ ಗಾಳಿಯು ಒಲೆಯ ಬಾಯಿಂದ ಒಂದೆರಡು ಮೊಳ ದೂರದ್ದೇ ಆಗಿರುತ್ತದೆ.

ಶ್ವಾಸನಾಳದ ಒಳಪದರದಲ್ಲಿ ಸಿಲಿಯಾ ಎಂಬ ಕೂದಲಿನಂಥ ಎಳೆಗಳಿದ್ದು, ಅವು ದೂಳು ಅಂಟಿದ ಲೋಳೆಯನ್ನು ಸದಾ ಗಂಟಲಿನತ್ತ ತಳ್ಳುತ್ತಿರುತ್ತವೆ. ವರ್ಷಗಟ್ಟಲೆ ಹೊಗೆ ತಾಗಿದಾಗ ಈ ಎಳೆಗಳು ಕುಂದಿ, ಲೋಳೆ ಸ್ರವಿಸುವ ಕೋಶಗಳು ಹೆಚ್ಚಿ, ಕೆಲವೆಡೆ ಒಳಪದರವೇ ಚರ್ಮದಂಥ ಚಪ್ಪಟೆ ಕೋಶಗಳಾಗಿ ಮಾರ್ಪಡುತ್ತದೆ. ಹೊಗೆಯ ಕಣಗಳನ್ನು ನುಂಗಲು ಬಂದ ರಕ್ಷಕ ಕೋಶಗಳು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನೂ ಕರೆಸಿಕೊಳ್ಳುತ್ತವೆ, ಇದೇ ಉರಿಯೂತ. ಆ ಬಿಳಿ ರಕ್ತಕಣಗಳು ಬಿಡುವ ಇಲಾಸ್ಟೇಸ್ ಎಂಬ ಕಿಣ್ವವು ವಾಯುಕೋಶಗಳಿಗೆ ಹಿಗ್ಗುವ ಗುಣ ಕೊಡುವ ನಾರನ್ನು ಕರಗಿಸುವುದರಿಂದ ಗೋಡೆಗಳು ಹರಿದು ಪೊಳ್ಳುಗಳಾಗುತ್ತವೆ. ಇದಕ್ಕೆ ಎಂಫೈಸಿಮಾ ಎನ್ನುತ್ತಾರೆ. 2 ಮಿಲಿಮೀಟರಿಗಿಂತ ಕಿರಿದಾದ ನಾಳಗಳ ಸುತ್ತ ಗಾಯದ ಕಲೆಯಂಥ ಅಂಗಾಂಶ ಕಟ್ಟಿಕೊಳ್ಳುತ್ತದೆ. ಇನ್‌ಹೇಲರ್ ಔಷಧವು ನಾಳದ ಸ್ನಾಯುವನ್ನು ಸಡಿಲಿಸಬಲ್ಲದೇ ಹೊರತು ಈ ಕಲೆಯನ್ನು ಅಳಿಸಲಾರದು. ಇಂಥ ಸಣ್ಣ ನಾಳಗಳು ಸಾವಿರಾರು ಇರುವುದರಿಂದ ಬಹುಪಾಲು ಕೆಡುವವರೆಗೆ ಏದುಸಿರು ಕಾಣಿಸಿಕೊಳ್ಳುವುದಿಲ್ಲ. ಬೀಡಿ ಸಿಗರೇಟು ಸೇದುವವರಲ್ಲಿ ಎಂಫೈಸಿಮಾ ಎದ್ದು ಕಂಡರೆ, ಒಲೆಯ ಹೊಗೆ ಕುಡಿದವರಲ್ಲಿ ನಾಳಗಳ ಕಲೆಯೂ ಅಂಗಾಂಶದೊಳಗೆ ನಿಂತ ಕರಿಮಸಿಯೂ ಹೆಚ್ಚು. ಎರಡಕ್ಕೂ ಸಿಒಪಿಡಿ ಎಂಬ ಒಂದೇ ಹೆಸರು.

ಸತತ 2 ವರ್ಷ, ವರ್ಷಕ್ಕೆ 3 ತಿಂಗಳಾದರೂ ಕಫದ ಕೆಮ್ಮು ಇದ್ದರೆ ಅದನ್ನು ದೀರ್ಘಕಾಲದ ಬ್ರಾಂಕೈಟಿಸ್ ಎಂದು ಗುರುತಿಸುತ್ತಾರೆ. ಕೊಡಗಿನ ನೆರೆಯ ಮೈಸೂರು ಜಿಲ್ಲೆಯ ಗ್ರಾಮೀಣ ಮಹಿಳೆಯರ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆಯ ಮುಂದೆ ಕಳೆಯುತ್ತಾರೆ ಎಂಬುದನ್ನು ಹಾಗೆ ಕಳೆದ ವರ್ಷಗಳಿಂದ ಗುಣಿಸಿ, ಬಂದ ಸಂಖ್ಯೆ 60 ಮುಟ್ಟಿದರೆ ಈ ರೋಗದ ಅಪಾಯ ಗಣನೀಯವಾಗುತ್ತದೆಂದು ತೋರಿಸಿತು. 15ನೆಯ ವಯಸ್ಸಿಗೆ ಅಡುಗೆಗೆ ನಿಂತು ದಿನಕ್ಕೆ 3 ಗಂಟೆ ಬೇಯಿಸುವವಳು 35ಕ್ಕೇ ಅಲ್ಲಿಗೆ ತಲುಪುತ್ತಾಳೆ. ಇದು ಅಡುಗೆಯ ಹೊತ್ತಿನ ಲೆಕ್ಕ ಮಾತ್ರ. ಮನೆಗೆ ಗ್ಯಾಸ್ ಬಂದ ಮೇಲೂ ಬಚ್ಚಲ ಹಂಡೆಗೆ ಬೆಂಕಿ ಹಾಕಿ ಕೂರುವ ಹೊತ್ತು ಇದರಲ್ಲಿ ಸೇರಿಲ್ಲ.