ಟಿಕೆಟ್ ಹಿಂದಿನ ಐದು ರೂಪಾಯಿ

ಕೆ.ಆರ್.ಪುರದಿಂದ ಬಸ್ಸಿನಲ್ಲಿ ಬರುವಾಗ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಟಿಕೆಟ್ ಹಿಂದೆ ‘5’ ಎಂದು ಗೀಚಿ ಕೊಡುತ್ತಾರೆ. ಇಳಿಯುವ ತನಕ ಆ ಚೀಟಿಯೇ ಐದು ರೂಪಾಯಿ. ಇಳಿದ ಮೇಲೆ ಬರೀ ಕಾಗದ.

ಕಳೆದ ತಿಂಗಳು ಇಂಟರ್ನ್‌ಶಿಪ್ ಸಂದರ್ಶನದ ಗಡಿಬಿಡಿಯಲ್ಲಿ, ಶಿವಾಜಿನಗರದಲ್ಲಿ ಚಿಲ್ಲರೆ ಕೇಳದೆ ಇಳಿದುಬಿಟ್ಟೆ. ಮೊಬೈಲ್ ಬ್ಯಾಟರಿಯೂ ಸತ್ತಿತ್ತು. ಅಂಕಪಟ್ಟಿಗಳ ಜೆರಾಕ್ಸ್‌ಗೆ ಸರಿಯಾಗಿ ಐದು ರೂಪಾಯಿ ಕಡಿಮೆ. ಅಂಗಡಿಯ ಹಿರಿಯರು ‘ಹೋಗಪ್ಪಾ, ಆಮೇಲೆ ಕೊಡು’ ಎಂದು ಪ್ರತಿಗಳನ್ನು ಕೈಗಿಟ್ಟರು.

ಮರುವಾರ ಗೆಳೆಯನೊಬ್ಬ ಬ್ರಂಟನ್ ರಸ್ತೆಯಲ್ಲಿರುವ ರೆಜ್ವಾನ್ ರಜಾಕ್ ಅವರ ಕಾಗದದ ಹಣದ ಮ್ಯೂಸಿಯಂಗೆ ಕರೆದೊಯ್ದ. ಅಲ್ಲಿ ಹಳೆಯ ನೋಟುಗಳನ್ನು ನೋಡುತ್ತಿದ್ದಾಗ ನನ್ನ ಟಿಕೆಟ್ಟೇ ನೆನಪಾಯಿತು.

ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೆ ಬರ ಬಂದಾಗ ಸರ್ಕಾರ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು ತಂದಿತು. ಮರುವರ್ಷ ಎರಡೂವರೆ ರೂಪಾಯಿಯದೂ, ಅಂದರೆ 2 ರೂಪಾಯಿ 8 ಆಣೆಯ ನೋಟೂ ಬಂತು. ಆದರೆ ಜನ ಬೆಳ್ಳಿ ರೂಪಾಯಿಯನ್ನು ಕೂಡಿಟ್ಟು, ನೋಟು ಕೊಟ್ಟು ಬೆಳ್ಳಿ ಕೇಳತೊಡಗಿದರು. ಆ ಮಾತು ಉಳಿಸಿಕೊಳ್ಳಲು 1918ರಲ್ಲಿ ಅಮೆರಿಕದಿಂದ 20 ಕೋಟಿ ಔನ್ಸ್ ಬೆಳ್ಳಿ ತರಿಸಬೇಕಾಯಿತು!

1926ರಲ್ಲಿ ನಿಂತಿದ್ದ ಒಂದು ರೂಪಾಯಿ ನೋಟು ಎರಡನೇ ಮಹಾಯುದ್ಧದಿಂದಾಗಿ 1940ರಲ್ಲಿ ಮರಳಿತು. ಚಿಲ್ಲರೆಯ ಕಷ್ಟ ಇನ್ನೂ ಹೆಚ್ಚಿದಾಗ ಬಿಕಾನೇರ್, ಮೋರ್ವಿ, ನವಾನಗರದಂಥ ಸಂಸ್ಥಾನಗಳು ಪುಟ್ಟ ಕಾಗದದ ‘ಕ್ಯಾಶ್ ಕೂಪನ್’ ಅಚ್ಚು ಹಾಕಿಸಿದವು. ತಾಮ್ರ ಉಳಿಸಲು 1943ರಲ್ಲಿ ನಡುವೆ ತೂತಿರುವ ಕಾಸು ಬಂತು.

ಆ ಕಾಲದ ಒಂದು ಗುರುತು ಇಂದಿಗೂ ಉಳಿದಿದೆ. ಒಂದು ರೂಪಾಯಿ ನೋಟು ಸಿಕ್ಕರೆ ನೋಡಿ: ಅದರಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಸಹಿ ಇರುವುದಿಲ್ಲ, ಹಣಕಾಸು ಕಾರ್ಯದರ್ಶಿಯ ಸಹಿ ಇರುತ್ತದೆ. ಕಾನೂನಿನ ಕಣ್ಣಲ್ಲಿ ಅದು ಕಾಗದದ ರೂಪದ ನಾಣ್ಯ.

ರಾಜನ ಕೂಪನ್ನಾಗಲಿ, ಕಂಡಕ್ಟರ್ ಗೀಚಿದ ‘5’ ಆಗಲಿ, ಕೊಟ್ಟವರು ಮಾತಿಗೆ ನಿಂತರಷ್ಟೇ ಹಣ. ಜೆರಾಕ್ಸ್ ಅಂಗಡಿಯಲ್ಲಂತೂ ನಾನು ಚೀಟಿಯನ್ನೂ ಬರೆದುಕೊಟ್ಟಿರಲಿಲ್ಲ.

ಇಂಟರ್ನ್‌ಶಿಪ್ ಸಿಗಲಿಲ್ಲ. ಐದು ರೂಪಾಯಿ ಕೊಡಲು ಹೋದಾಗ ಹಿರಿಯರು ‘ಸಂದರ್ಶನ ಏನಾಯ್ತು?’ ಎಂದರು. ‘ಆಗಲಿಲ್ಲ, ಬೇರೆ ಕಡೆ ಅರ್ಜಿ ಹಾಕ್ತಿದ್ದೀನಿ’ ಎಂದೆ. ನಾಣ್ಯವನ್ನು ಡಬ್ಬಿಗೆ ಹಾಕುತ್ತಾ, ‘ಜೆರಾಕ್ಸ್‌ಗೆ ಇಲ್ಲಿಗೇ ಬಾ’ ಎಂದರು.