ಅರಿಸಿನಕ್ಕೊಂದು ಹೊಸ ವಾಹನ

ಅರಬೈಲ್ ಘಟ್ಟದ ನಮ್ಮ ಮನೆಯಲ್ಲಿ, ನಾನು ಹುಡುಗನಾಗಿದ್ದಾಗ, ಕತ್ತಿ ತಗಲಿ ಬೆರಳು ಕೊಯ್ದುಕೊಂಡರೆ ಆಯಿ ಅರಿಸಿನದ ಪುಡಿ ಒತ್ತಿ ಬಟ್ಟೆ ಸುತ್ತುತ್ತಿದ್ದಳು. ಮರುದಿನ ಬಿಚ್ಚಿದರೆ ಬಟ್ಟೆಯೆಲ್ಲ ಹಳದಿ. ಹಾಗಾದರೆ ಗಾಯದೊಳಗೆ ಇಳಿದದ್ದೆಷ್ಟು? ಇಂದಿನ ವಿಜ್ಞಾನಿಗಳನ್ನು ಕಾಡುತ್ತಿರುವುದೂ ಇದೇ ಪ್ರಶ್ನೆ.

ಅರಿಸಿನದ ಬಣ್ಣಕ್ಕೂ ಗುಣಕ್ಕೂ ಮುಖ್ಯ ಕಾರಣ ಕರ್ಕ್ಯುಮಿನ್ ಎಂಬ ವಸ್ತು. ಅದು ನೀರಿನಲ್ಲಿ ಕರಗುವುದು ತೀರ ಕಡಿಮೆ; ಬೆಳಕಿಗೆ ಬೇಗ ಕೆಡುತ್ತದೆ. ಗಾಯದ ರಸವಾದರೋ ಬಹುಪಾಲು ನೀರು. ಆದ್ದರಿಂದ ಹಚ್ಚಿದ ಮದ್ದಿನ ಹೆಚ್ಚಿನ ಭಾಗ ಹೊರಗೇ ಉಳಿಯುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯಗಳಲ್ಲೊಂದು ಲೈಪೊಸೋಮ್. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಇದನ್ನು ಗುರುತಿಸಿದರು. ಮೊಟ್ಟೆ, ಸೋಯಾಗಳಲ್ಲಿರುವ ಲೆಸಿಥಿನ್ನಿನ ಅಣುವಿನ ಒಂದು ತುದಿ ನೀರಿಗೆ ಒಲಿದರೆ ಇನ್ನೊಂದು ಎಣ್ಣೆಗೆ ಒಲಿಯುತ್ತದೆ. ನೀರಿನಲ್ಲಿ ಈ ಅಣುಗಳು ಸೇರಿ ಇಮ್ಮಡಿ ಗೋಡೆಯ ಗುಳ್ಳೆಗಳಾಗುತ್ತವೆ. ನೂರು ನ್ಯಾನೋಮೀಟರು ಗಾತ್ರದ ಅಂಥ ಗುಳ್ಳೆಗಳು ಒಂದು ಕೂದಲೆಳೆಯ ಅಡ್ಡಗಲದಲ್ಲಿ ನೂರಾರು ಹಿಡಿಸುತ್ತವೆ. ಕರ್ಕ್ಯುಮಿನ್ ಆ ಗೋಡೆಯ ಜಿಡ್ಡಿನಲ್ಲಿ ಕುಳಿತು ಗಾಯದ ರಸದೊಡನೆ ಸಾಗಿ, ಮೆಲ್ಲಮೆಲ್ಲನೆ ಹೊರಬರುತ್ತದೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದರಿಂದ ಗಾಯ ಬೇಗ ಮಾಗಿದ್ದುಂಟು. ಮನುಷ್ಯರಲ್ಲಿ ದೊರೆತ ಪುರಾವೆ ಇನ್ನೂ ಸಾಲದು.

ಗಾಯಕ್ಕೆ ಅರಿಸಿನ ಹಚ್ಚುವುದನ್ನೇ ಹೊಸ ಶೋಧವೆಂದು ಬಗೆದು ಅಮೆರಿಕ 1995ರಲ್ಲಿ ಪೇಟೆಂಟ್ ಕೊಟ್ಟಿತ್ತು. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಹಳೆಯ ಬರಹಗಳ ಆಧಾರವನ್ನು ಮುಂದಿಟ್ಟು ವಾದಿಸಿತು. 1997ರಲ್ಲಿ ಅದು ರದ್ದಾಯಿತು. ನ್ಯಾಯವಾದದ್ದೇ. ವಾಹನವನ್ನು ಕಟ್ಟಿದವರಿಗೆ ವಾಹನದ ಕೀರ್ತಿ ಸಲ್ಲಲಿ. ಆದರೆ ಏನನ್ನು ಹಚ್ಚಬೇಕೆಂಬುದನ್ನು ಆಯಿಯಂಥವರು ಮೊದಲೇ ಬಲ್ಲವರಾಗಿದ್ದರು. ಪ್ರಯೋಗಾಲಯ ಹುಡುಕುತ್ತಿರುವುದು ಅದು ಒಳಗೆ ತಲುಪುವ ದಾರಿಯನ್ನು.